ಸಹಾಯ ಬೇಕು: ಚಳಿ, ಮಳೆ ಎರಡೂ ಇರುವ ಕಡೆ ವಸಂತದ ಬಿತ್ತನೆ ಯಾವಾಗ ಶುರು ಮಾಡಲಿ?

ಎಲ್ಲರಿಗೂ ನಮಸ್ಕಾರ. ಚಳಿಗಾಲ ಮುಗಿಯುತ್ತಾ ಬಂತು, ಮಳೆ ಮಾತ್ರ ಬಿಡುವ ಲಕ್ಷಣ ಕಾಣುತ್ತಿಲ್ಲ. ಇಂಥ ಹವೆಯಲ್ಲಿ ತರಕಾರಿ ಬೆಳೆದು ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ.

ತಾರೀಖು ನೋಡಿ ಬಿತ್ತುವುದಕ್ಕಿಂತ ಮಣ್ಣಿನ ಬಿಸಿ ನೋಡಿ ಬಿತ್ತುವುದೇ ಸರಿ ಅಂತ ನನ್ನ ನಂಬಿಕೆ. ಬಟಾಣಿ, ಪಾಲಕ್ ಬೀಜ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೂ ನಿಧಾನಕ್ಕೆ ಮೊಳೆಯುತ್ತವೆ. ಬೀನ್ಸ್‌ಗೆ 15 ಡಿಗ್ರಿಯಾದರೂ ಬೇಕು. ಟೊಮೆಟೊ ಸಸಿಯನ್ನಂತೂ ಇಬ್ಬನಿ ಹೆಪ್ಪುಗಟ್ಟುವ ಭಯ ಪೂರ್ತಿ ಹೋಗುವ ತನಕ ಹೊರಗೆ ನೆಡುವ ಹಾಗಿಲ್ಲ.

ನನ್ನ ಚಿಂತೆ ಚಳಿಗಿಂತ ಜಾಸ್ತಿ ನೀರಿನದು. ಈಗ ಒಂದು ಹಿಡಿ ಮಣ್ಣು ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಜಿನುಗುತ್ತದೆ. ಆ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗುವುದಿಲ್ಲ, ಮೆತ್ತಗೆ ಚಪ್ಪಟೆಯಾಗುತ್ತದೆ. ಇಂಥ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ, ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಹಸಿಯಲ್ಲೇ ಅಗೆದರೆ ಒಣಗಿದ ಮೇಲೆ ಹೆಂಟೆ ಕಲ್ಲಾಗುತ್ತದೆ. ಸುಮ್ನೆ ಕಾಯುತ್ತಾ ಕೂತರೆ ಬೆಳೆಯುವ ಕಾಲವೇ ಕಮ್ಮಿಯಾಗುತ್ತದೆ, ಅಲ್ವಾ?

ಏರು ಮಡಿ ಮಾಡಿದರೆ ನೀರು ಬೇಗ ಬಸಿಯುತ್ತದೆ, ಅದನ್ನು ಮಾಡುವುದು ಖಚಿತ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮಳೆ ತಡೆಯಬೇಕೆಂದಿದ್ದೇನೆ. ಬಿತ್ತನೆಗೆ ಎಷ್ಟು ವಾರ ಮುಂಚೆ ಹೊದಿಸಬೇಕು? ಬಟಾಣಿಯನ್ನು ನೇರ ಮಡಿಗೇ ಹಾಕಲೋ, ಒಳಗೆ ಟ್ರೇಯಲ್ಲಿ ಮೊಳಕೆ ಬರಿಸಿ ಆಮೇಲೆ ನೆಡಲೋ? ಎಳೆ ಸಸಿಗಳನ್ನು ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು) ರಾತ್ರೋರಾತ್ರಿ ತಿಂದುಹಾಕುತ್ತದೆ, ಅದಕ್ಕೂ ಏನಾದರೂ ಉಪಾಯ ಇದ್ದರೆ ತಿಳಿಸಿ.