ಪದಚರ್ಚೆ: ಕ್ಲೌಡ್‌ನ ‘ಟ್ಯಾಗ್’ – ಗುರುತೋ, ಬಿಲ್ಲೆಯೋ, ಹಣೆಪಟ್ಟಿಯೋ?

ಎಲ್ಲರಿಗೂ ನಮಸ್ಕಾರ.

ನಮ್ಮ ತಂಡಕ್ಕೆ ಹೊಸದಾಗಿ ಸೇರುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹನ್ನೆರಡು ಪುಟ ಸಲೀಸಾಗಿ ಬಂತು. ಹದಿಮೂರನೆಯದರಲ್ಲಿ ‘ಟ್ಯಾಗ್’ ಎದುರಾಯಿತು. ಒಂದು ವಾರದಿಂದ ಅಲ್ಲೇ ಕೂತಿದ್ದೇನೆ.

ಈ ಕೆಲಸದ ಪರಿಚಯ ಇಲ್ಲದವರಿಗೆ ಎರಡು ಮಾತು. ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಬೇರೆ ಕಂಪನಿಯ ಕಂಪ್ಯೂಟರುಗಳಲ್ಲಿ, ಬಾಡಿಗೆಗೆ ಹಿಡಿದ ಸರ್ವರು, ಡಿಸ್ಕು, ಡೇಟಾಬೇಸು ಕೈಗೆ ಸಿಗುವ ಸಾಮಾನಲ್ಲ. ಸಂಖ್ಯೆ ನೂರು ದಾಟಿದರೆ ಯಾವುದು ಯಾರದು, ಯಾತಕ್ಕೆ ತಂದದ್ದು ಅಂತ ಯಾರಿಗೂ ನೆನಪಿರಲ್ಲ. ಅದಕ್ಕೇ ಪ್ರತಿಯೊಂದಕ್ಕೂ ಜೋಡಿ ಮಾತು ಕಟ್ಟುತ್ತಾರೆ: ‘ತಂಡ – ಪಾವತಿ’, ‘ಹಂತ – ಪರೀಕ್ಷೆ’ ಹೀಗೆ. ಈ ಜೋಡಿಯೇ ಟ್ಯಾಗ್. ಅಮೆಜಾನ್‌ನ ಕ್ಲೌಡ್‌ನಲ್ಲೂ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನಲ್ಲೂ ಒಂದು ಸಾಮಾನಿಗೆ ಇಂಥ 50 ಜೋಡಿ ಕಟ್ಟಬಹುದು. ಊರಲ್ಲಿ ಮದುವೆಮನೆಗೆ ಪಾತ್ರೆ ಕೊಡುವ ಮೊದಲು ಅಂಚಿನಲ್ಲಿ ಹೆಸರು ಕೊರೆಸುತ್ತಿದ್ದರಲ್ಲ, ಅದೇ ಲೆಕ್ಕ.

ಮೊದಲು ಹೊಳೆದದ್ದು ‘ಹಣೆಪಟ್ಟಿ’. ಆದರೆ ಪತ್ರಿಕೆಗಳಲ್ಲಿ ಆ ಪದ ಕೆಟ್ಟುಹೋಗಿದೆ. ಯಾರಿಗಾದರೂ ಹಣೆಪಟ್ಟಿ ಕಟ್ಟಿದರು ಅಂದರೆ ಅಪವಾದ ಹೊರಿಸಿದರು ಅಂತಲೇ ಅರ್ಥ. ಪಾಪದ ಸರ್ವರಿಗೆ ಅದು ಬೇಡ. ‘ಗುರುತಿನ ಚೀಟಿ’ ಮತದಾರರದು. ‘ಗುರುತು’ ಚೆನ್ನಾಗಿದೆ, ಆದರೆ ತೀರಾ ಅಗಲ. ಕಲೆಗೂ ಗುರುತು, ಪರಿಚಯಕ್ಕೂ ಗುರುತು. ದನದ ಕಿವಿಗೆ ಹಾಕುವ 12 ಅಂಕಿಯ ಹಳದಿ ಬಿಲ್ಲೆಗೆ ‘ಕಿವಿಯೋಲೆ’ ಅನ್ನುತ್ತಾರೆ. ಎಷ್ಟು ಮುದ್ದಾದ ಪದ! ಆದರೆ ಅದರಲ್ಲಿರುವುದು ಒಂದೇ ಸಂಖ್ಯೆ, ಅದು ಬದಲಾಗಲ್ಲ. ಕ್ಲೌಡ್ ಟ್ಯಾಗನ್ನು ಇವತ್ತು ಹಾಕಿ ನಾಳೆ ತೆಗೆಯಬಹುದು. ಉಳಿದದ್ದು ‘ಬಿಲ್ಲೆ’. ಇದರ ಮೇಲೆ ನನಗೆ ಆಸೆ ಇತ್ತು.

ಗೂಗಲ್ ಕ್ಲೌಡ್ ಆ ಆಸೆಗೂ ಕಲ್ಲು ಹಾಕಿತು. ಅಲ್ಲಿ ‘ಲೇಬಲ್’ ಬೇರೆ, ‘ಟ್ಯಾಗ್’ ಬೇರೆ. ವಿಂಗಡಿಸಿ ಲೆಕ್ಕ ಇಡಲು ಲೇಬಲ್. ಯಾರಿಗೆ ಯಾವುದರ ಮೇಲೆ ಅನುಮತಿ ಅನ್ನುವ ನಿಯಮಕ್ಕೆ ಕೊಂಡಿ ಹಾಕಲು ಟ್ಯಾಗ್. ಇವೆರಡೂ ಸಾಲದು ಅಂತ ಫೈರ್‌ವಾಲ್‌ಗಾಗಿ (ಯಾವ ಸಂಪರ್ಕವನ್ನು ಒಳಗೆ ಬಿಡಬೇಕು ಅಂತ ನೋಡುವ ಕಾವಲು) ‘ನೆಟ್‌ವರ್ಕ್ ಟ್ಯಾಗ್’ ಅಂತ ಮೂರನೆಯದು. ಅದರಲ್ಲಿ ಜೋಡಿಯೇ ಇಲ್ಲ, ಒಂಟಿ ಪದ. ಒಂದೇ ‘ಬಿಲ್ಲೆ’ಯನ್ನು ಮೂರಕ್ಕೂ ತೊಡಿಸಿದರೆ ಓದುವವರು ಗೊಂದಲಕ್ಕೆ ಬೀಳುತ್ತಾರೆ. ಹಾಗಾಗಿ ಹೆಸರು ‘ಟ್ಯಾಗ್’ ಅಂತಲೇ ಇರಲಿ ಅಂತ ತೀರ್ಮಾನಿಸಿದೆ. ಫಾಸ್ಟ್‌ಟ್ಯಾಗ್, ಹ್ಯಾಶ್‌ಟ್ಯಾಗ್ ಬಂದಮೇಲೆ ಅದು ಯಾರಿಗೂ ಹೊಸದಲ್ಲ.

ನನ್ನ ತಕರಾರು ಇರುವುದು ಅದರ ಸುತ್ತಲಿನ ಪದಗಳ ಬಗ್ಗೆ. ಜೋಡಿಯ ಎರಡನೆಯ ಭಾಗಕ್ಕೆ (‘ತಂಡ – ಪಾವತಿ’ಯಲ್ಲಿ ‘ಪಾವತಿ’) ಇಂಗ್ಲಿಷಿನಲ್ಲಿ ‘ವ್ಯಾಲ್ಯೂ’. ಶಾಲೆಯ ಗಣಿತದಲ್ಲಿ ನಾವೆಲ್ಲ ‘ಎಕ್ಸ್‌ನ ಬೆಲೆ ಕಂಡುಹಿಡಿಯಿರಿ’ ಅಂತ ಓದಿದವರು. ಅದೇ ಧೈರ್ಯದಲ್ಲಿ ‘ಟ್ಯಾಗಿನ ಬೆಲೆ’ ಅಂತ ಬರೆದೆ. ಕರಡು ಓದಿದ ಹುಡುಗಿ ಕೇಳಿದ ಮೊದಲ ಪ್ರಶ್ನೆ: “ಸರ್, ಒಂದು ಟ್ಯಾಗಿಗೆ ಎಷ್ಟು ರೂಪಾಯಿ?” ಖರ್ಚಿನ ಅಧ್ಯಾಯದಲ್ಲಿ ‘ಬೆಲೆ’ ಬಂದರೆ ಇನ್ನೇನಾಗುತ್ತೆ ಹೇಳಿ! ‘ಮೌಲ್ಯ’ ಅಂದರೆ ನೀತಿಪಾಠ. ಈಗ ಸುಮ್ನೆ ‘ಹೆಸರು’ ಮತ್ತು ‘ತುಂಬಿದ್ದು’ ಅಂತ ಬರೆದಿದ್ದೇನೆ. ಎರಡನೆಯದು ನನಗೇ ಹಿಡಿಸಿಲ್ಲ.

ಖರ್ಚು ಹಂಚುವ ಟ್ಯಾಗಿಗೆ ಮಾತ್ರ ಒಳ್ಳೆಯ ಪದ ಸಿಕ್ಕಿದೆ: ‘ಬಾಬ್ತು’. ಕರೆಂಟ್ ಬಾಬ್ತು ಇಷ್ಟು, ಬಾಡಿಗೆ ಬಾಬ್ತು ಇಷ್ಟು ಅಂತ ಲೆಕ್ಕ ಬರೆಯುವುದಿಲ್ಲವೇ? ಅಮೆಜಾನ್‌ನಲ್ಲಿ ಟ್ಯಾಗ್ ಹಾಕಿದ ಮಾತ್ರಕ್ಕೆ ಅದು ಖರ್ಚಿನ ವರದಿಗೆ ಬರಲ್ಲ. ಬಿಲ್ಲಿಂಗ್ ಪುಟಕ್ಕೆ ಹೋಗಿ ಬೇರೆಯಾಗಿ ಚಾಲೂ ಮಾಡಬೇಕು. ಆಗ ಅದು ಬಾಬ್ತು ಆಗುತ್ತದೆ. ಈ ವ್ಯತ್ಯಾಸ ಕನ್ನಡದಲ್ಲೇ ಜಾಸ್ತಿ ಸ್ಪಷ್ಟವಾಗಿದೆ ಅನ್ನಿಸಿತು.

ಇನ್ನು ಕ್ರಿಯಾಪದ. ಫೇಸ್‌ಬುಕ್‌ನಲ್ಲಿ ‘ಅವಳನ್ನು ಟ್ಯಾಗ್ ಮಾಡಿದೆ’. ನಮ್ಮ ಆಫೀಸಿನಲ್ಲಿ ‘ಸರ್ವರಿಗೆ ಟ್ಯಾಗ್ ಹಾಕಿದೆ’. ಒಂದಕ್ಕೆ ‘ಅನ್ನು’, ಇನ್ನೊಂದಕ್ಕೆ ‘ಗೆ’. ಯಾರೂ ಹೇಳಿಕೊಡದೆ ಈ ಭೇದ ಬಂದಿದೆ. ನಿಮ್ಮ ಕಡೆಯೂ ಹೀಗೇನಾ?

ಒಂದು ತಮಾಷೆ. ಅಮೆಜಾನ್‌ನ ಹಲವು ಸೇವೆಗಳ ದಾಖಲೆಯಲ್ಲಿ ಟ್ಯಾಗಿನಲ್ಲಿ ಏನೇನು ಇರಬಹುದು ಅನ್ನುವ ನಿಯಮ ಕೊಟ್ಟಿದ್ದಾರೆ: ಯಾವುದೇ ಭಾಷೆಯ ಅಕ್ಷರ, ಅಂಕಿ, ಖಾಲಿ ಜಾಗ, ಕೆಲವು ಚಿಹ್ನೆ. ಎಲ್ಲ ಭಾಷೆಯ ಲಿಪಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಕಾಗುಣಿತದ ಕೊಂಬು, ಇಳಿ, ಅನುಸ್ವಾರ ಯಾವುದೂ ‘ಅಕ್ಷರ’ ಅಲ್ಲ, ಬೇರೆ ಗುಂಪು. ನಿಯಮವನ್ನು ಇದ್ದ ಹಾಗೇ ಓದಿದರೆ ‘ನಗರ’ ದಾಟುತ್ತದೆ, ‘ಕನಕ’ ದಾಟುತ್ತದೆ, ‘ಗುರುತು’ ದಾಟಲ್ಲ. ಗುರುತು ಹಾಕುವ ಜಾಗದಲ್ಲಿ ಗುರುತಿಗೇ ಪ್ರವೇಶವಿಲ್ಲ! ಇಂಗ್ಲಿಷ್‌ನವರ ತಾಪತ್ರಯ ಬೇರೆ. ಅಮೆಜಾನ್‌ನಲ್ಲಿ ಒಂದು ದೊಡ್ಡಕ್ಷರ ಚಿಕ್ಕದಾದರೆ ಅದು ಬೇರೆಯೇ ಟ್ಯಾಗ್. ಅಜೂರ್‌ನಲ್ಲಿ ಹೆಸರಿಗೆ ಆ ಭೇದವಿಲ್ಲ, ತುಂಬಿದ್ದಕ್ಕೆ ಇದೆ.

ಕೊನೆಗೆ, ಟ್ಯಾಗ್ ಇಲ್ಲದ ಸಾಮಾನು. ಈಚೆಗೆ ನಮ್ಮಲ್ಲಿ ಒಂದು ಡೇಟಾಬೇಸ್ ಮೂರು ತಿಂಗಳಿಂದ ಸುಮ್ಮನೆ ಓಡುತ್ತಿತ್ತು. ಯಾರನ್ನು ಕೇಳಿದರೂ ನನ್ನದಲ್ಲ ಅಂದರು. ತಂದವನು ಕೆಲಸ ಬಿಟ್ಟು ಹೋಗಿದ್ದ. ಅಳಿಸಲು ಭಯ, ಇಡಲು ದುಡ್ಡು. ಇಂಥದ್ದನ್ನು ಇಂಗ್ಲಿಷಿನಲ್ಲಿ ಅನಾಥ ಅನ್ನುತ್ತಾರೆ. ನನಗೇಕೋ ಅದು ಸರಿಬರಲ್ಲ. ಪೊಲೀಸ್ ಪ್ರಕಟಣೆಗಳಲ್ಲಿ ‘ವಾರಸುದಾರರಿಲ್ಲದ ವಾಹನ’ ಅಂತ ಬರುತ್ತದೆ. ಅದು ಹೆಚ್ಚು ಹೊಂದುತ್ತದೆ. ಹಾಗೇ ‘ಓನರ್’ ಟ್ಯಾಗಿಗೆ ‘ವಾರಸುದಾರ’ ಅಂತ ಇಟ್ಟಿದ್ದೇನೆ. ಮಾಲೀಕ ಅಂದರೆ ಕಂಪನಿಯೇ ಆಗಿಬಿಡುತ್ತದೆ. ಇಲ್ಲಿ ಬೇಕಾದ್ದು ‘ಇದು ನಂದು’ ಅಂತ ಮುಂದೆ ಬರುವವರು.

ಇದಕ್ಕೊಂದು ಚಿಕ್ಕ ಪದವೂ ಇದೆ, ವಾರಸು ಇಲ್ಲದ್ದು ಬೇವಾರಸು. ಅರ್ಥ ನೂರಕ್ಕೆ ನೂರು ಸರಿ. ಆದರೆ ಬಾಯಿಗೆ ಬಾಯಿ ದಾಟಿ ಅದು ಏನಾಗಿದೆ ಅಂತ ನಿಮಗೆಲ್ಲ ಗೊತ್ತೇ ಇದೆ. ‘ಬೇವಾರ್ಸಿ ಸರ್ವರುಗಳ ಪಟ್ಟಿ’ ಅಂತ ಕೈಪಿಡಿಯಲ್ಲಿ ಹಾಕಿದರೆ ಮ್ಯಾನೇಜರ್ ಏನಂತಾರೋ!

‘ತುಂಬಿದ್ದು’ ಅನ್ನುವುದಕ್ಕೆ ಬದಲು ಯಾರಿಗಾದರೂ ಪದ ಹೊಳೆದರೆ ತಿಳಿಸಿ. ಗೂಗಲ್‌ನ ಲೇಬಲ್‌ಗೆ ‘ಬಿಲ್ಲೆ’ಯನ್ನು ಬಿಟ್ಟುಕೊಡಲು ನಾನು ತಯಾರಿದ್ದೇನೆ.