76 ಸೆಂ.ಮೀ. ಮೋನೊ ಬೋಟು: ಅರ್ಧ ಥ್ರಾಟಲಿಗೆ ಮೂತಿ ಕುಣಿಯುತ್ತೆ, ಫುಲ್ ಕೊಟ್ರೆ ಹೊಯ್ದಾಡುತ್ತೆ

ಕೆರೆ_ಏರಿ

ನಮಸ್ಕಾರ. ಪ್ಲೈವುಡ್ ಮೇಲೆ ಫೈಬರ್‌ಗ್ಲಾಸ್ ಹಾಕಿ ಮನೆಯಲ್ಲೇ ಕಟ್ಟಿದ ರಿಮೋಟ್ ಕಂಟ್ರೋಲ್ ಬೋಟು, ಡೀಪ್-ವಿ ಮೋನೊ (ಒಂದೇ ಒಡಲು, ತಳ ವಿ ಆಕಾರ). ಉದ್ದ 760 ಮಿ.ಮೀ., ಅಗಲ 230, ಬ್ಯಾಟರಿ ಸೇರಿ ತೂಕ 2.3 ಕೆ.ಜಿ. ಮೋಟಾರ್ 3660 ಸೈಜಿನ 2000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು) ಬ್ರಶ್‌ಲೆಸ್, 120 ಆಂಪಿಯರಿನ ವೇಗ ನಿಯಂತ್ರಕ ಇಎಸ್‌ಸಿ, 2ಎಸ್ (ಎರಡು ಸೆಲ್ಲಿನ) 5000 ಎಂಎಎಚ್ ಲೈಪೊ ಬ್ಯಾಟರಿ ಎರಡು ಸೀರೀಸಲ್ಲಿ (ಎರಡೂ ಸೇರಿ 520 ಗ್ರಾಂ). 4.76 ಮಿ.ಮೀ. ಫ್ಲೆಕ್ಸ್ ಶಾಫ್ಟ್ (ಬಾಗುವ ಕೇಬಲ್ ಶಾಫ್ಟ್), 42 ಮಿ.ಮೀ. ಎರಡೆಲೆ ಅಲ್ಯೂಮಿನಿಯಂ ಪ್ರೊಪೆಲ್ಲರ್.

ತೊಂದರೆ ನಾಲ್ಕು. ಅರ್ಧ ಥ್ರಾಟಲಲ್ಲಿ ಮೂತಿ ಮೇಲೆ-ಕೆಳಗೆ ಕುಣಿಯುತ್ತೆ. ಫುಲ್ ಥ್ರಾಟಲಲ್ಲಿ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತೆ. ನೇರ ಓಡಿಸಿದರೂ ಬಲಕ್ಕೆ ಎಳೆಯುತ್ತೆ. ಬಲಕ್ಕೆ ತಿರುಗಿಸಿದಾಗ ಕೆಲವೊಮ್ಮೆ ಹಿಂಭಾಗ ಜಾರಿ ಗಿರ್ರನೆ ತಿರುಗಿಬಿಡುತ್ತೆ. 40 ಮಿ.ಮೀ. ಪ್ರೊಪೆಲ್ಲರ್ ಹಾಕಿದರೆ ಸರಿಹೋಗುತ್ತಾ?

ನೀರ್ಗಾಳಿ

ಪ್ರೊಪೆಲ್ಲರ್ ಸದ್ಯಕ್ಕೆ ಮುಟ್ಟಬೇಡಿ. 14.8 ವೋಲ್ಟಿಗೆ 2000 ಕೆವಿ ಅಂದ್ರೆ ಲೋಡಿಲ್ಲದಾಗ 29,600 ಆರ್‌ಪಿಎಂ. ಈ ತೂಕದ ಬೋಟಿಗೆ 42 ಹೆಚ್ಚೇನಲ್ಲ. ಮನೆಯಲ್ಲಿ ಕಟ್ಟಿದ ಬೋಟಲ್ಲಿ ಮೊದಲು ನೋಡಬೇಕಾದ್ದು ತಳ, ಆಮೇಲೆ ಸಿಜಿ (ಬೋಟಿನ ತೂಕದ ನಡುಬಿಂದು), ಆಮೇಲೆ ಸ್ಟ್ರಟ್ (ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯೋ ತೋಳು), ಪ್ರೊಪೆಲ್ಲರ್ ಕೊನೆಗೆ. ಜನ ಇದನ್ನ ಉಲ್ಟಾ ಮಾಡಿ ಪ್ರೊಪೆಲ್ಲರಿಗೇ ದುಡ್ಡು ಸುರೀತಾರೆ.

ಬೋಟನ್ನ ಬೋರಲು ಹಾಕಿ. 30 ಸೆಂ.ಮೀ. ಸ್ಟೀಲ್ ಸ್ಕೇಲನ್ನು ಅದರದೇ ಅಂಚಿನ ಮೇಲೆ ನಿಲ್ಲಿಸಿ, ನಡುಗೆರೆಗೂ ಪಕ್ಕದ ಅಂಚಿಗೂ ಮಧ್ಯೆ, ಹಿಂಬದಿ ಹಲಗೆಯಿಂದ ಮುಂದಕ್ಕೆ ಇಡಿ. ಆಚೆ ಕಡೆಯಿಂದ ಟಾರ್ಚ್ ಬಿಡಿ. ಸ್ಕೇಲಿನ ತುದಿಗಳಲ್ಲಿ ಬೆಳಕು ಕಂಡರೆ ತಳಕ್ಕೆ ಹೊಟ್ಟೆ ಬಂದಿದೆ, ನಡುವೆ ಕಂಡರೆ ಗುಳಿ ಬಿದ್ದಿದೆ. ಹೊಟ್ಟೆ ಇದ್ದರೆ ಆ ಬಾಗಿನ ಮೇಲೆ ಹರಿಯೋ ನೀರು ಹಿಂಭಾಗವನ್ನು ಕೆಳಕ್ಕೆ ಹೀರುತ್ತೆ, ಮೂತಿ ಏಳುತ್ತೆ, ಬೀಳುತ್ತೆ, ಮತ್ತೆ ಏಳುತ್ತೆ. ಗುಳಿ ಮೂತಿಯನ್ನು ನೀರಿಗೆ ಒತ್ತುತ್ತೆ. ಅರ್ಧ ಮಿಲಿಮೀಟರ್ ವ್ಯತ್ಯಾಸವೂ ನೀರಲ್ಲಿ ಗೊತ್ತಾಗುತ್ತೆ.

ಇನ್ನೊಂದು, ಹಿಂಬದಿ ಹಲಗೆಯ ಕೆಳ ಅಂಚು ಮತ್ತು ಪಕ್ಕದ ಅಂಚುಗಳು ಚೂಪಾಗಿವೆಯಾ? ಗ್ಲಾಸ್ ಬಟ್ಟೆ ಸುಲಭವಾಗಿ ಮಡಿಸಿ ಕೂರಲಿ ಅಂತ ಅಂಚನ್ನು ದುಂಡಗೆ ಉಜ್ಜಿ ಹಾಗೇ ಬಿಟ್ಟಿರ್ತಾರೆ. ದುಂಡಗಿನ ಅಂಚಿಂದ ನೀರು ಕಳಚಿಕೊಳ್ಳಲ್ಲ, ಸುತ್ತಿಕೊಂಡು ಮೇಲೇರುತ್ತೆ.

ಕೆರೆ_ಏರಿ

ಅಳೆದೆ. ಕೊನೆಯ 8 ಸೆಂ.ಮೀ.ನಲ್ಲಿ ಸುಮಾರು 1 ಮಿ.ಮೀ. ಹೊಟ್ಟೆ ಇದೆ. ಅಂಚುಗಳು ದುಂಡಗಿವೆ. ಸಿಜಿ ಹಿಂಬದಿ ಹಲಗೆಯಿಂದ 185 ಮಿ.ಮೀ. ಸ್ಟ್ರಟ್ 60 ಮಿ.ಮೀ. ಉದ್ದ, ಅದರ ಪ್ರೊಪೆಲ್ಲರ್ ಕಡೆಯ ತುದಿ 2 ಮಿ.ಮೀ. ಮೇಲಕ್ಕಿದೆ.

ನೀರ್ಗಾಳಿ

ಅಲ್ಲಿಗೆ ಮೂತಿ ಏಳಿಸೋ ಕಾರಣ ಮೂರೂ ಒಟ್ಟಿಗೇ ಸಿಕ್ಕವು.

ತಳ: ಹಿಂಬದಿ ಹಲಗೆಗೆ ಅಗಲದ ಪ್ಯಾಕಿಂಗ್ ಟೇಪ್ ಅಂಟಿಸಿ, ಬೋರಲು ಹಾಕಿದ ತಳಕ್ಕಿಂತ 3 ಮಿ.ಮೀ. ಎತ್ತರ ನಿಲ್ಲಲಿ. ಪಕ್ಕದ ಅಂಚಿಗೂ ಹಾಗೇ. ತಳವನ್ನು 120 ಸ್ಯಾಂಡ್‌ಪೇಪರಲ್ಲಿ ಗೀರು ಬರೋ ಹಾಗೆ ಉಜ್ಜಿ, ಎಪಾಕ್ಸಿಗೆ ಮೈಕ್ರೊಬಲೂನ್ (ಸಣ್ಣ ಪೊಳ್ಳು ಗುಂಡುಗಳ ಹಗುರ ಪುಡಿ) ಕಲಸಿ ತಗ್ಗಿಗೆ ತುಂಬಿ. ಅಂಚಿನ ಸಾಲಿಗೆ ಮಾತ್ರ ಬಲೂನ್ ಬೇಡ, ಅದು ಮೆತ್ತಗೆ, ಚೂಪು ನಿಲ್ಲಲ್ಲ. ಅಲ್ಲಿಗೆ ಹತ್ತಿಪುಡಿ ಕಲಸಿ. ಒಂದು ದಿನ ಗಟ್ಟಿಯಾಗಲು ಬಿಟ್ಟು, ನೇರ ಮರದ ಪಟ್ಟಿಗೆ 180 ಪೇಪರ್ ಅಂಟಿಸಿ ತಳದ ಕಡೆಯಿಂದ ಮಾತ್ರ ಉಜ್ಜಿ. ಬೆರಳಲ್ಲಿ ಪೇಪರ್ ಹಿಡಿದು ಉಜ್ಜಿದರೆ ಅಂಚು ಮತ್ತೆ ದುಂಡಗಾಗುತ್ತೆ.

ಸಿಜಿ: 185 ಅಂದ್ರೆ ಉದ್ದದ 24%. ಇಂಥ ಮೋನೊಗೆ ಹಿಂದಿನಿಂದ 28ರಿಂದ 33% ಇರಬೇಕು. 28%ಗೆ 213 ಮಿ.ಮೀ., ಅಂದ್ರೆ 28 ಮಿ.ಮೀ. ಮುಂದೆ ಬರಬೇಕು. 2300 ಗ್ರಾಂ ಗುಣಿಸು 28, ಭಾಗಿಸು 520 ಗ್ರಾಂ: ಎರಡೂ ಬ್ಯಾಟರಿ ಸುಮಾರು 125 ಮಿ.ಮೀ. ಮುಂದಕ್ಕೆ ಹೋಗಬೇಕು. ಒಂದೇ ಸಲ 33ಕ್ಕೆ ಒಯ್ಯಬೇಡಿ. ಮೂತಿ ಭಾರವಾದರೆ ತಿರುವಲ್ಲಿ ಅದೇ ನೀರಿಗೆ ಕಚ್ಚಿಕೊಂಡು ಬೋಟನ್ನ ತಿರುಗಿಸಿಬಿಡುತ್ತೆ.

ಸ್ಟ್ರಟ್: ಪ್ರೊಪೆಲ್ಲರ್ ತುದಿ ಮೇಲಿದ್ದರೆ ಅದರ ತಳ್ಳು ಹಿಂಭಾಗವನ್ನು ಕೆಳಗೆ ಒತ್ತುತ್ತೆ. 60 ಮಿ.ಮೀ. ಸ್ಟ್ರಟ್ಟಲ್ಲಿ 1 ಮಿ.ಮೀ. ಅಂದ್ರೆ ಹತ್ತಿರ ಹತ್ತಿರ 1 ಡಿಗ್ರಿ. ನಿಮ್ಮದು 2 ಡಿಗ್ರಿ ಉಲ್ಟಾ. ತಳಕ್ಕೆ ಸಮಾನಾಂತರ ಮಾಡಿ ಶುರು ಮಾಡಿ. ಆಮೇಲೂ ಕುಣಿದರೆ ಪ್ರೊಪೆಲ್ಲರ್ ತುದಿಯನ್ನು ಅರ್ಧ ಡಿಗ್ರಿ ಕೆಳಗಿಳಿಸಿ.

ಪಡುಗಾಳಿ

ಹೊಯ್ದಾಟದ ಬಗ್ಗೆ ಎರಡು ಮಾತು. ಮೂತಿ ಕುಣಿತ ನಿಂತ ಮೇಲೇ ಅದನ್ನ ನೋಡಿ ಮಾರಾಯ್ರೆ, ಎಷ್ಟೋ ಸಲ ಅರ್ಧ ಅದರ ಜೊತೆಗೇ ಹೋಗ್ತದೆ. ಉಳಿದರೆ ಮೊದಲು ಸಡಿಲ ಹುಡುಕಿ. ರಡ್ಡರನ್ನು (ಚುಕ್ಕಾಣಿ) ಕೈಯಲ್ಲಿ ಅಲ್ಲಾಡಿಸಿ, ತುದಿಯಲ್ಲಿ 1 ಮಿ.ಮೀ. ಆಡಿದರೂ ಜಾಸ್ತಿಯೇ. ಸ್ಟ್ರಟ್ಟಿನ ಬುಶ್ ಸವೆದಿದ್ದರೂ ಇದೇ ಕತೆ. ಬ್ಯಾಟರಿ ತಳಕ್ಕೆ ತಾಗಿ ಮಲಗಿರಬೇಕು, ಎತ್ತರದ ಟ್ರೇ ಮೇಲಲ್ಲ. ಇಷ್ಟಾದರೂ ನಿಲ್ಲದಿದ್ದರೆ ಸ್ಟ್ರಟ್ಟನ್ನು ಪೂರ್ತಿಯಾಗಿ 1 ಮಿ.ಮೀ. ಮೇಲೆತ್ತಿ: ಪ್ರೊಪೆಲ್ಲರ್ ಹಿಂಭಾಗವನ್ನು ಅತಿಯಾಗಿ ಎತ್ತಿದಾಗ ಬೋಟು ನಡುಗೆರೆ ಒಂದರ ಮೇಲೇ ನಿಂತು ಆಚೀಚೆ ವಾಲ್ತದೆ. ಟ್ರಿಮ್ ಟ್ಯಾಬ್ (ಹಿಂಬದಿ ಹಲಗೆಯ ಬುಡದ ಸಣ್ಣ ಪಟ್ಟಿಗಳು) ಇದ್ದರೆ ಎರಡನ್ನೂ ತಳದ ಮಟ್ಟಕ್ಕೆ ತಂದು, ಅಲ್ಲಿಂದ ಅರ್ಧರ್ಧ ಮಿ.ಮೀ. ಇಳಿಸ್ತಾ ಬನ್ನಿ.

ಬಲಕ್ಕೆ ಎಳೆಯೋದು ತಪ್ಪಲ್ಲ, ಸ್ವಭಾವ. ಮಾಮೂಲಿ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಗಡಿಯಾರಕ್ಕೆ ಎದುರು ದಿಕ್ಕಲ್ಲಿ ತಿರುಗ್ತದೆ, ಅದರ ಪ್ರತಿಕ್ರಿಯೆಗೆ ಬೋಟಿನ ಬಲಭಾಗ ತಗ್ಗುತ್ತದೆ. ನೀರೊಳಗಿನ ಎಲೆ ಬಲಕ್ಕೆ ಬೀಸುವಾಗ ಹಿಂಭಾಗ ಎಡಕ್ಕೆ, ಮೂತಿ ಬಲಕ್ಕೆ. ಬ್ಯಾಟರಿಯನ್ನು 5ರಿಂದ 10 ಮಿ.ಮೀ. ಎಡಕ್ಕೆ ಸರಿಸಿ, ಇಲ್ಲವೇ ಬಲಗಡೆ ಟ್ಯಾಬನ್ನು ಅರ್ಧ ಮಿ.ಮೀ. ಹೆಚ್ಚು ಇಳಿಸಿ. ಉಳಿದದ್ದಕ್ಕೆ ಟ್ರಾನ್ಸ್‌ಮಿಟರಿನ ಟ್ರಿಮ್ ಸಾಕು.

ಕೆರೆ_ಏರಿ

ಧನ್ಯವಾದ ಸರ್. ತಿರುವಿನ ಸಮಸ್ಯೆ? ರಡ್ಡರ್ ಬಲಗಡೆ ಇದೆ, ಎರಡೂ ಕಡೆ ಫಿನ್ (ತಿರುವಲ್ಲಿ ನೀರು ಹಿಡಿಯೋ ರೆಕ್ಕೆ) ಇವೆ.

ಫ್ಲೆಕ್ಸ್_ಗ್ರೀಸ್

ರಡ್ಡರ್ ಜಾಗ ಸರಿ. ಅಮೆರಿಕದ ನಂಬಾ, ಇಂಪ್ಬಾ ಅನ್ನೋ ಮಾದರಿ ಬೋಟು ಸಂಘಗಳ ರೇಸುಗಳಲ್ಲಿ ಓಟ ಪ್ರದಕ್ಷಿಣೆ ದಿಕ್ಕಲ್ಲಿ, ತಿರುವೆಲ್ಲ ಬಲಕ್ಕೆ. ಮಾರುಕಟ್ಟೆಯ ಹೆಚ್ಚಿನ ಸಾಮಾನು ಅದಕ್ಕೇ ಹೊಂದಿಸಿದ್ದು.

ಹಿಂಭಾಗ ಜಾರಿದ ಕ್ಷಣ ರಡ್ಡರ್ ಏನು ಮಾಡ್ತಿತ್ತು ಅಂತ ಮೊಬೈಲಿನ ಸ್ಲೋ-ಮೋಷನ್ ವಿಡಿಯೊದಲ್ಲಿ ನೋಡಿ. ಬೋಟು ತಿರುಗದೆ ನೇರ ಹೋಗಿ ಆಮೇಲೆ ಏಕಾಏಕಿ ಕಚ್ಚಿಕೊಂಡರೆ, ಬ್ಲೇಡಿನ ಪಕ್ಕದಲ್ಲಿ ಗಾಳಿ ಇಳಿದಿದೆ ಅಂತ ಅರ್ಥ. ಆಗ ಬ್ಲೇಡನ್ನು 10 ಮಿ.ಮೀ. ಆಳಕ್ಕೆ ಬಿಡಿ, ಮುಂದಿನ ಅಂಚನ್ನು ಚಾಕುವಿನಷ್ಟು ಚೂಪು ಮಾಡಿ, ಹಿಂದಿನ ಅಂಚು ದಪ್ಪಗೇ ಚೌಕವಾಗಿರಲಿ. ಮೊದಲ ಕ್ಷಣದಿಂದಲೇ ಮೂತಿ ಒಳಗೆ ನುಗ್ಗಿದರೆ ರಡ್ಡರ್ ಹೆಚ್ಚು ತಿರುಗ್ತಿದೆ. ಟ್ರಾನ್ಸ್‌ಮಿಟರಲ್ಲಿ ಎಂಡ್ ಪಾಯಿಂಟ್ (ರಡ್ಡರ್ ತಿರುಗೋ ಮಿತಿ) ಇಳಿಸಿ ಒಂದು ಕಡೆಗೆ 20-25 ಡಿಗ್ರಿಗೆ ನಿಲ್ಲಿಸಿ. ಫಿನ್ ಎರಡೂ ನಡುಗೆರೆಗೆ ಸಮಾನಾಂತರ ಇವೆಯಾ ಅಳೆಯಿರಿ, ಒಂದು ಸ್ವಲ್ಪ ಸೊಟ್ಟಗಿದ್ದರೂ ಅದೇ ಇನ್ನೊಂದು ರಡ್ಡರ್ ಆಗುತ್ತೆ. ತಿರುವಿಗೆ ಮೊದಲೇ ಥ್ರಾಟಲ್ ಸ್ವಲ್ಪ ಇಳಿಸಿ, ತಿರುವಿನ ಉದ್ದಕ್ಕೂ ಅಷ್ಟೇ ಹಿಡಿದಿಡಿ. ನಡುವೆ ಫಟ್ ಅಂತ ಬಿಟ್ಟರೆ ಮೂತಿ ಕುಸಿದು ಒಳ್ಳೆ ಸೆಟಪ್ಪೂ ಗಿರಕಿ ಹೊಡೆಯುತ್ತೆ.

ಸ್ಟ್ರಟ್ ಬದಲಿಸುವಾಗ ಫ್ಲೆಕ್ಸ್ ಹೊರಬರುತ್ತಲ್ಲ, ವಾಪಸ್ ಹಾಕುವಾಗ ಡ್ರೈವ್ ಡಾಗಿಗೂ (ಪ್ರೊಪೆಲ್ಲರನ್ನು ಹಿಡಿದು ತಿರುಗಿಸೋ ತುಂಡು) ಸ್ಟ್ರಟ್ಟಿಗೂ ಮಧ್ಯೆ 3-4 ಮಿ.ಮೀ. ಬಿಡಿ. ಲೋಡಲ್ಲಿ ಕೇಬಲ್ ಬಿಗಿದು ಗಿಡ್ಡವಾಗುತ್ತೆ, ಜಾಗ ಇಲ್ಲದಿದ್ದರೆ ಡಾಗ್ ಸ್ಟ್ರಟ್ಟಿಗೆ ಉಜ್ಜಿ ಮೋಟಾರಿನ ಬೇರಿಂಗನ್ನ ಹಿಂದಕ್ಕೆ ಎಳೆಯುತ್ತೆ. ಹಾಗೇ ಆ ಅಲ್ಯೂಮಿನಿಯಂ ಪ್ರೊಪೆಲ್ಲರ್ ಬ್ಯಾಲೆನ್ಸ್ ಮಾಡಿದ್ದೀರಾ? ಅಂಗಡಿಯಿಂದ ಬಂದ ಹಾಗೇ ಹಾಕಿದ್ದರೆ ಭಾರದ ಎಲೆಯನ್ನು ಉಜ್ಜಿ ಸಮ ಮಾಡಿ. 29,000 ಆರ್‌ಪಿಎಂನಲ್ಲಿ ಆ ಅದುರು ಸ್ಟ್ರಟ್ ಬುಶ್ ತಿಂದುಹಾಕುತ್ತೆ, ಆಮೇಲೆ ಪಡುಗಾಳಿಯವರು ಹೇಳಿದ ಸಡಿಲ ಶುರು.