ಅಪ್ಪನ ಕಾಲದ ಸ್ಟಿಲ್ 070: ರಿಪೇರಿ ಮಾಡಿಸುವುದೋ, ಹೊಸದು ಕೊಳ್ಳುವುದೋ?

ಮಾದಾಪುರ ತೋಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ತಾಲ್ಲೂಕಿನ ಮಾದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ತಂದೆಯವರು ತೀರಿಕೊಂಡ ಮೇಲೆ ತೋಟದ ಉಸ್ತುವಾರಿ ನನಗೆ ಬಂತು. ಅದರೊಂದಿಗೆ ಅವರ ಸ್ಟಿಲ್ 070 ಚೈನ್ ಸಾ (ಮರ ಕೊಯ್ಯುವ ಪೆಟ್ರೋಲ್ ಯಂತ್ರ) ಕೂಡ ಬಂತು. ಅದರ ಮೈಮೇಲೆ ‘ವೆಸ್ಟ್ ಜರ್ಮನಿ’ ಎಂಬ ಅಚ್ಚು ಇನ್ನೂ ಓದುವಂತಿರುವುದರಿಂದ 1990ಕ್ಕಿಂತ ಹಿಂದಿನ ಯಂತ್ರವೆಂಬುದು ಖಚಿತ. ಹಿಂದಿನ ಹಿಡಿಕೆಗೆ ಅಪ್ಪ ಸುತ್ತಿದ್ದ ಸೈಕಲ್ ಟ್ಯೂಬಿನ ಪಟ್ಟಿ ಅಂಗೈ ತಾಗುವ ಕಡೆ ಸವೆದು ನುಣುಪಾಗಿದೆ, ಅದನ್ನು ಬಿಚ್ಚಲು ನನಗೆ ಮನಸ್ಸು ಬಂದಿಲ್ಲ.

ತೊಂದರೆ ಹೀಗಿದೆ. ತಣ್ಣಗಿರುವಾಗ ಎರಡು ಮೂರು ಬಾರಿ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ. ಒಂದು ಸಿಲ್ವರ್ (ಸಿಲ್ವರ್ ಓಕ್) ಮರದ ದಿಮ್ಮಿ ಕೊಯ್ದ ಬಳಿಕ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಕೂಡಲೇ ಇಳಿಯುವುದಿಲ್ಲ. ಚೈನು ತನ್ನಷ್ಟಕ್ಕೆ ಓಡುತ್ತಲೇ ಇರುತ್ತದೆ. ಆಮೇಲೆ ಒಮ್ಮೆ ನಿಂತಿತೆಂದರೆ ಪೂರ್ತಿ ತಣಿಯುವವರೆಗೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಪಟ್ಟಣದ ಒಂದು ಅಂಗಡಿಗೆ ಒಯ್ದಾಗ ಅವರು ಯಂತ್ರವನ್ನು ಬಿಚ್ಚಿ ನೋಡದೆಯೇ, “ಬ್ಲಾಕ್ (ಎಂಜಿನ್ನಿನ ಸಿಲಿಂಡರ್) ಹೋಗಿದೆ, ಡುಪ್ಲಿಕೇಟ್ ಬ್ಲಾಕ್ ಮತ್ತು ಪಿಸ್ಟನ್ ಹಾಕಿಸಿ, ಇಲ್ಲವಾದರೆ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ಒಯ್ಯಿರಿ” ಎಂದರು. ಎಕ್ಸ್‌ಚೇಂಜಿಗೆ ಅವರು ಹೇಳಿದ ಬೆಲೆ ಗುಜರಿಯವನು ಕೊಡುವುದಕ್ಕಿಂತ ಹೆಚ್ಚೇನೂ ಇರಲಿಲ್ಲ.

ನಮಗೆ ಇದು ಬೇಕಾಗುವುದು ಮುಖ್ಯವಾಗಿ ಮಳೆಗಾಲದಲ್ಲಿ. ಕಕ್ಕಡದ (ಆಟಿ ತಿಂಗಳ) ಗಾಳಿಗೆ ಸಿಲ್ವರ್ ಮರಗಳು ಕಾಫಿ ಗಿಡಗಳ ಮೇಲೂ ದಾರಿಗೆ ಅಡ್ಡಲಾಗಿಯೂ ಬೀಳುತ್ತವೆ. ಆಗ ಬಾಡಿಗೆಗೆ ಕೊಯ್ಯುವವರು ಸಿಗುವುದೇ ಇಲ್ಲ. ಅಪರೂಪಕ್ಕೆ ದೊಡ್ಡ ಹಲಸು ಅಥವಾ ಅತ್ತಿ ಉರುಳುವುದುಂಟು. ಇದನ್ನು ರಿಪೇರಿ ಮಾಡಿಸುವುದು ಒಳ್ಳೆಯದೋ, ಹೊಸದನ್ನು ಕೊಳ್ಳುವುದು ಒಳ್ಳೆಯದೋ? ಹೊಸದಾದರೆ ಎಷ್ಟು ದೊಡ್ಡದು ಬೇಕು? ತಿಳಿದವರು ದಯವಿಟ್ಟು ಹೇಳಿ.

ಸುಂಟಿಕೊಪ್ಪ ವರ್ಕ್‌ಶಾಪ್

ಅಕ್ಕ, ಬಿಚ್ಚದೆ ಬ್ಲಾಕ್ ಹೋಗಿದೆ ಎಂದವರ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಬ್ಲಾಕಿನ ಮೇಲೆ ನೇರವಾಗಿ ಬೆರಳು ತೋರಿಸುವಂಥದ್ದು ಒಂದೂ ಇಲ್ಲ. ಆಕ್ಸಿಲರೇಟರ್ ಬಿಟ್ಟ ಮೇಲೂ ವೇಗ ಇಳಿಯದಿರುವುದು ಸಾಮಾನ್ಯವಾಗಿ ಎಲ್ಲಿಂದಲೋ ಗಾಳಿ ಎಳೆದುಕೊಳ್ಳುತ್ತಿರುವುದರ ಗುರುತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆಯಲ್ಲೇ ಆಯಿಲ್ ಒಳಗೆ ಹೋಗುವುದರಿಂದ, ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವಾದರೆ ಎಂಜಿನ್ನಿಗೆ ಬೆಂಕಿಯ ಶಾಖ ಹೆಚ್ಚಾಗುತ್ತದೆ, ಆಯಿಲ್ ಕಡಿಮೆಯಾಗುತ್ತದೆ. ಆದ್ದರಿಂದ ನಾನು ಮೊದಲು ಹೇಳುವುದು ಇಷ್ಟೇ: ಕಾರಣ ಗೊತ್ತಾಗುವವರೆಗೆ ಅದರಲ್ಲಿ ಇನ್ನೊಂದು ದಿಮ್ಮಿಯನ್ನೂ ಕೊಯ್ಯಬೇಡಿ. ಇವತ್ತು ಚೆನ್ನಾಗಿರುವ ಬ್ಲಾಕ್ ಹಾಗೆ ಓಡಿಸಿದರೆ ನಾಳೆ ನಿಜವಾಗಿಯೂ ಹೋಗುತ್ತದೆ.

ಮನೆಯಲ್ಲೇ ನೋಡಬಹುದಾದದ್ದು ಇದು. ಸೈಲೆನ್ಸರ್ ಬಿಚ್ಚಿ, ಹಗ್ಗವನ್ನು ನಿಧಾನವಾಗಿ ಎಳೆಯುತ್ತಾ ಆ ತೂತಿನಿಂದ ಟಾರ್ಚ್ ಹಾಕಿ ಪಿಸ್ಟನ್ನನ್ನು ನೋಡಿ. ತೆಳು ಮಿಶ್ರಣದಿಂದ ಸೀಜ್ ಆದ (ಬಿಸಿಗೆ ಬ್ಲಾಕಿಗೆ ಕಚ್ಚಿಕೊಂಡ) ಪಿಸ್ಟನ್ನಿಗೆ ಮೊದಲು ಗೀರು ಬೀಳುವುದು ಸೈಲೆನ್ಸರ್ ಇರುವ ಈ ಕಡೆಯಲ್ಲೇ. ಮೇಲಿನಿಂದ ಕೆಳಕ್ಕೆ ಒರಟಾದ ಗೀರುಗಳಿದ್ದರೆ, ಅಲ್ಯೂಮಿನಿಯಂ ಉಜ್ಜಿ ಅಂಟಿಕೊಂಡಂತಿದ್ದರೆ ಅಂಗಡಿಯವರು ಹೇಳಿದ್ದು ಸರಿ. ಪಿಸ್ಟನ್ ನಯವಾಗಿದ್ದು, ರಿಂಗ್ ತನ್ನ ತೋಡಿನಲ್ಲಿ ಸಡಿಲವಾಗಿ ಆಡುತ್ತಿದ್ದರೆ ಬ್ಲಾಕ್ ಕೆಟ್ಟಿಲ್ಲ. ಕಂಪ್ರೆಶನ್ ಗೇಜ್ ಸಿಕ್ಕರೆ ಪ್ಲಗ್ಗಿನ ತೂತಿಗೆ ಹಾಕಿ ಹಗ್ಗ ಎಳೆಯಿರಿ. 120 ಪಿಎಸ್‌ಐ ದಾಟಿದರೆ ನಾನಂತೂ ಬ್ಲಾಕನ್ನು ಮುಟ್ಟುವುದಿಲ್ಲ.

ಆಮೇಲೆ ಫ್ಲೈವೀಲ್ (ಶಾಫ್ಟಿನ ತುದಿಯಲ್ಲಿರುವ ಭಾರದ ಚಕ್ರ) ಕಡೆಗೆ ಬನ್ನಿ. ಹಳೆಯ 070ರಲ್ಲಿ ಪ್ಲಗ್ಗಿನ ಕಿಡಿಗೆ ಬೇಕಾದ ಪಾಯಿಂಟ್ ಮತ್ತು ಕಂಡೆನ್ಸರ್ ಇರುವುದು ಅದರ ಹಿಂದೆ. ಫ್ಲೈವೀಲನ್ನು ಪುಲ್ಲರ್ ಹಾಕಿಯೇ ತೆಗೆಯಬೇಕು. ಶಾಫ್ಟಿನ ತುದಿಗೆ ಸುತ್ತಿಗೆ ಏಟು ಹಾಕುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಬೇರಿಂಗುಗಳು ಹಾಳಾಗುವುದು ಹೆಚ್ಚಾಗಿ ಅದರಿಂದಲೇ. ತೆಗೆದ ಮೇಲೆ ಪಾಯಿಂಟಿನ ಸುತ್ತ ಒಣಗಿದ ಧೂಳಿದ್ದರೆ ಒಳ್ಳೆಯದು. ಕಪ್ಪಗೆ ಜಿಡ್ಡು ಹಿಡಿದು ಪೆಟ್ರೋಲ್ ವಾಸನೆ ಬಂದರೆ ಆ ಕಡೆಯ ಆಯಿಲ್ ಸೀಲ್ (ಶಾಫ್ಟಿನ ಸುತ್ತ ಸೋರದಂತೆ ತಡೆಯುವ ರಬ್ಬರ್ ಉಂಗುರ) ಹೋಗಿದೆ ಎಂದರ್ಥ. ಒಳಗಿನದು ಹೊರಕ್ಕೆ ಬರುವ ದಾರಿಯಲ್ಲೇ ಹೊರಗಿನ ಗಾಳಿ ಒಳಕ್ಕೆ ಹೋಗುತ್ತದೆ.

ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗದಿರುವುದಕ್ಕೆ ಕಂಡೆನ್ಸರ್ ಇಲ್ಲವೇ ಕಾಯಿಲ್ ಕೂಡ ಕಾರಣವಿರಬಹುದು. ಮುಂದೆ ಪರೀಕ್ಷೆಗೆಂದು ಓಡಿಸಿದಾಗ ಅದು ಬಿಸಿಯಾಗಿ ನಿಂತರೆ, ಆ ಕ್ಷಣವೇ ಪ್ಲಗ್ ಬಿಚ್ಚಿ, ಅದರ ಮೈಯನ್ನು ಎಂಜಿನ್ನಿಗೆ ತಾಗಿಸಿ, ಪ್ಲಗ್ಗಿನ ತೂತಿನಿಂದ ದೂರ ಹಿಡಿದು ಹಗ್ಗ ಎಳೆದು ಕಿಡಿ ನೋಡಿ. ತಣಿದ ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನಾಪೋಕ್ಲು ಬೆಳೆಗಾರ

ಮೇಲೆ ಬರೆದವರು ಯಂತ್ರದ ಬಗ್ಗೆ ಸರಿಯಾಗಿಯೇ ಹೇಳಿದ್ದಾರೆ. ನನ್ನ ಪ್ರಶ್ನೆ ಬೇರೆ. ನಿಮ್ಮ ತೋಟದಲ್ಲಿ ಈ ಯಂತ್ರವನ್ನು ಕೈಯಲ್ಲಿ ಹಿಡಿಯುವವರು ಯಾರು, ತಂಗಿ?

070 ಅಂದರೆ 106 ಸಿಸಿ ಎಂಜಿನ್; ಬಾರ್ (ಚೈನು ಸುತ್ತುವ ಉದ್ದನೆಯ ಪಟ್ಟಿ) ಮತ್ತು ಚೈನ್ ಇಲ್ಲದೆಯೇ ಹತ್ತು ಕಿಲೋ ದಾಟುತ್ತದೆ. ಈಗಿನ ಯಂತ್ರಗಳಲ್ಲಿ ಹಿಡಿಕೆಗೂ ಎಂಜಿನ್ನಿಗೂ ನಡುವೆ ಇರುವ ರಬ್ಬರ್ ಅಥವಾ ಸ್ಪ್ರಿಂಗ್ ಇದರಲ್ಲಿಲ್ಲದ ಕಾರಣ ಅದರ ನಡುಕವೆಲ್ಲ ನೇರವಾಗಿ ಕೈಗೆ ಇಳಿಯುತ್ತದೆ. ವರ್ಷಗಟ್ಟಲೆ ಇಂಥದ್ದನ್ನು ಹಿಡಿದವರ ಬೆರಳುಗಳು ಚಳಿಯಲ್ಲಿ ಬಿಳಿಚಿಕೊಂಡು ಜೋಮು ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗುತ್ತೇವೆ.

ಅದಕ್ಕಿಂತ ಮುಖ್ಯವಾದದ್ದು ಚೈನ್ ಬ್ರೇಕ್. ಬಾರಿನ ಮೂತಿಯ ಮೇಲ್ಭಾಗ ಮರಕ್ಕೋ ಪಕ್ಕದ ಕೊಂಬೆಗೋ ತಾಗಿದರೆ ಇಡೀ ಬಾರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ, ಹಿಡಿದವನ ಮುಖದ ಕಡೆಗೆ ಎಗರುತ್ತದೆ. 1970ರ ದಶಕದಿಂದ ಕಂಪನಿಗಳು ಮುಂದಿನ ಹಿಡಿಕೆಯ ಎದುರಿಗೆ ಕೈಕಾಪಿನ ಹಲಗೆಯೊಂದನ್ನು ಇಟ್ಟು, ಅದಕ್ಕೆ ಕೈ ತಾಗಿದ ಕೂಡಲೇ ಚೈನು ನಿಲ್ಲುವಂತೆ ಮಾಡಿದ್ದು ಇದಕ್ಕಾಗಿಯೇ. ನಮ್ಮ ಜಿಲ್ಲೆಯಲ್ಲಿರುವ ಹಳೆಯ 070ಗಳಲ್ಲಿ ನಾನು ಕಂಡವುಗಳಿಗೆ ಈ ಬ್ರೇಕ್ ಇರಲಿಲ್ಲ. ನಿಮ್ಮದಕ್ಕೆ ಇದೆಯೇ ನೋಡಿ. ಅದರಲ್ಲೂ ಗಾಳಿಗೆ ಬಿದ್ದ ಮರವೆಂದರೆ ನೆಟ್ಟಗೆ ಮಲಗಿದ ದಿಮ್ಮಿಯಲ್ಲ. ಒಂದರ ಮೇಲೊಂದು ಒರಗಿ, ಕೊಂಬೆಗಳು ಬಿಲ್ಲಿನಂತೆ ಬಾಗಿ ಬಿಗಿದುಕೊಂಡು, ಕೆಳಗೆ ಕಾಫಿ ಗಿಡಗಳ ನಡುವೆ ಕಾಲಿಡಲು ಜಾಗವಿಲ್ಲದೆ, ಮಳೆಯಲ್ಲಿ ಜಾರುವ ನೆಲದ ಮೇಲೆ ನಿಂತು ಕೊಯ್ಯಬೇಕಾದ ಕೆಲಸ ಅದು. ಆ ಜಾಗಕ್ಕೆ ಬ್ರೇಕಿಲ್ಲದ, ಅದೂ ಆಕ್ಸಿಲರೇಟರ್ ಬಿಟ್ಟರೂ ಚೈನು ನಿಲ್ಲದ ಯಂತ್ರವನ್ನು ಕೂಲಿಗೆ ಬಂದವರ ಕೈಗೆ ಕೊಡುವುದು ನನ್ನ ಮಟ್ಟಿಗೆ ತಪ್ಪು. ಹೊಸದನ್ನು ಕೊಳ್ಳಿ. ಇದನ್ನು ತೊಳೆದು ಒರೆಸಿ ಅಟ್ಟದಲ್ಲಿಡಿ.

ಮಾದಾಪುರ ತೋಟ

ಇಬ್ಬರಿಗೂ ಧನ್ಯವಾದಗಳು. ಸೈಲೆನ್ಸರ್ ಬಿಚ್ಚಿ ನೋಡಿದೆವು. ಪಿಸ್ಟನ್ನಿನ ಮೇಲೆ ಮಸಿ ಕಟ್ಟಿದೆ, ಗೀರುಗಳಿಲ್ಲ; ಉಗುರಿನಿಂದ ಸವರಿದರೂ ಎಲ್ಲಿಯೂ ತಡೆಯುವುದಿಲ್ಲ. ಪರಿಚಯದ ಬೈಕ್ ಮೆಕ್ಯಾನಿಕ್ಕಿನ ಗೇಜಿನಲ್ಲಿ ಮುಳ್ಳು 130ರ ಹತ್ತಿರ ನಿಂತಿತು. ಅವರೇ ಪುಲ್ಲರ್ ಹಾಕಿ ಫ್ಲೈವೀಲ್ ತೆಗೆದರು. ಪಾಯಿಂಟಿನ ಪೆಟ್ಟಿಗೆಯ ತುಂಬ ಕಪ್ಪು ಜಿಡ್ಡು, ಹತ್ತಿಯಲ್ಲಿ ಒರೆಸಿದರೆ ಪೆಟ್ರೋಲ್ ವಾಸನೆ. ಕಾರ್ಬುರೇಟರಿನ ಮುಚ್ಚಳವನ್ನೂ ತೆಗೆದೆವು. ಒಳಗಿನ ಡಯಾಫ್ರಾಮ್ (ತೆಳುವಾದ ಪೊರೆ) ಒಣಗಿದ ಅಡಿಕೆ ಹಾಳೆಯಂತೆ ಗಟ್ಟಿಯಾಗಿದೆ, ಬೆರಳಿನಿಂದ ಒತ್ತಿದರೆ ಸದ್ದು ಮಾಡುತ್ತದೆ. ಅದು ಹಾಗೆ ಇರಬೇಕಾದದ್ದೇ?

ನಾಪೋಕ್ಲು ಅಣ್ಣ, ನಿಮ್ಮ ಪ್ರಶ್ನೆಗೆ ಉತ್ತರ: ಅಪ್ಪ ಇರುವಷ್ಟು ದಿನ ಇದನ್ನು ಬೇರೆ ಯಾರ ಕೈಗೂ ಕೊಟ್ಟವರಲ್ಲ. ಈಗ ಕೊಯ್ಯುವವನು ನಮ್ಮ ತೋಟದಲ್ಲೇ ಇರುವ ಹುಡುಗ. ಬ್ರೇಕ್ ಇಲ್ಲ, ನೋಡಿದೆ. ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಓಡುವಂತಿರುವ ಯಂತ್ರವನ್ನು ಅಟ್ಟದಲ್ಲಿಡುವುದಕ್ಕೆ ಒಪ್ಪಿಗೆಯಿಲ್ಲ.

ಸುಂಟಿಕೊಪ್ಪ ವರ್ಕ್‌ಶಾಪ್

ಇರಬಾರದು, ಅಕ್ಕ. ಡಯಾಫ್ರಾಮ್ ಮೆತ್ತಗೆ, ಹಗುರವಾಗಿ ಕುಣಿಯುವಂತಿರಬೇಕು. ಎಂಜಿನ್ನಿನ ಒಳಗಿನ ಒತ್ತಡ ಏರಿಳಿಯುವುದಕ್ಕೆ ತಕ್ಕಂತೆ ಅದು ಆಡಿದರೆ ಮಾತ್ರ ಪೆಟ್ರೋಲ್ ಸರಿಯಾಗಿ ಬರುತ್ತದೆ. ಗಟ್ಟಿಯಾದಾಗ ಪೆಟ್ರೋಲ್ ಕಡಿಮೆಯಾಗುತ್ತದೆ. ಸೀಲಿನಿಂದ ಗಾಳಿಯೂ ಸೇರುತ್ತಿದೆ. ಎರಡೂ ಕೂಡಿ ನಿಮ್ಮ ಯಂತ್ರ ಬಿಸಿಯಾಗುತ್ತಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ; ಅದಕ್ಕೆಂದು ಮಾಡದ ಹಳೆಯ ರಬ್ಬರನ್ನು ಕೆಡಿಸುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲನ್ನು ಇಂಥ ಯಂತ್ರಕ್ಕೆ ಹಾಕಲೇಬೇಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರಿ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ನಿಮಗೆ ಬೇಕಾಗಿರುವುದು ಎರಡೂ ಬದಿಯ ಆಯಿಲ್ ಸೀಲ್, ಕಾರ್ಬುರೇಟರ್ ಕಿಟ್, ಪೆಟ್ರೋಲ್ ಪೈಪ್ ಮತ್ತು ಟ್ಯಾಂಕಿನೊಳಗಿನ ಫಿಲ್ಟರ್. ಫ್ಲೈವೀಲ್ ಹೇಗೂ ತೆಗೆದಿರುವುದರಿಂದ ಪಾಯಿಂಟ್ ಮತ್ತು ಕಂಡೆನ್ಸರನ್ನೂ ಬದಲಾಯಿಸಿಬಿಡಿ. ಪಾಯಿಂಟಿನ ಬದಲಿಗೆ ಹಾಕುವ ಎಲೆಕ್ಟ್ರಾನಿಕ್ ಕಾಯಿಲ್ ಕೂಡ ಸಿಗುತ್ತದೆ, ಆದರೆ ಪಾಯಿಂಟ್ ಚೆನ್ನಾಗಿ ಕೆಲಸ ಮಾಡುವಾಗ ಅದರ ಅಗತ್ಯ ನನಗೆ ಕಾಣುವುದಿಲ್ಲ. ಕ್ಲಚ್ ಕಡೆಯ ಸೀಲಿಗೆ ಕ್ಲಚ್ ಬಿಚ್ಚಬೇಕಾಗುತ್ತದೆ. ಹಲವು ಚೈನ್ ಸಾಗಳಲ್ಲಿ ಅದು ಉಲ್ಟಾ ಥ್ರೆಡ್; ಯಾವ ಕಡೆಗೆ ಬಿಚ್ಚುತ್ತದೆ ಎಂದು ತಿಳಿದುಕೊಳ್ಳದೆ ಬಲ ಹಾಕಬೇಡಿ. ಸೀಲ್ ಕೂರಿಸಿದ ಮೇಲೆ ಕಾರ್ಬುರೇಟರ್ ಮತ್ತು ಸೈಲೆನ್ಸರ್ ಕಡೆಯ ಎರಡೂ ತೂತುಗಳನ್ನು ಮುಚ್ಚಿ ಅರ್ಧ ಬಾರ್‌ನಷ್ಟು (ಸುಮಾರು 7 ಪಿಎಸ್‌ಐ) ಗಾಳಿಯ ಒತ್ತಡ ಕೊಟ್ಟು ಅದು ನಿಲ್ಲುತ್ತದೆಯೇ ಎಂದು ಪರೀಕ್ಷಿಸುವವರ ಬಳಿಯೇ ಕೆಲಸ ಮಾಡಿಸಿ. ಈ ಪರೀಕ್ಷೆ ಮಾಡದೆ “ಆಯಿತು” ಎನ್ನುವವರ ಬಳಿ ಮಾಡಿಸಿದರೆ ದುಡ್ಡು ದಂಡ.

ಇನ್ನೊಂದು ಮಾತು. ಮೂಲ ಬ್ಲಾಕನ್ನು ಯಾವ ಕಾರಣಕ್ಕೂ ಎಕ್ಸ್‌ಚೇಂಜಿಗೆ ಬಿಡಬೇಡಿ. 070ರ ನಕಲುಗಳು ಚೀನಾದಿಂದ ಬೇಕಾದಷ್ಟು ಬರುತ್ತವೆ, ಬಿಡಿಭಾಗಗಳೂ ಅಲ್ಲಿಂದಲೇ ಅಗ್ಗಕ್ಕೆ ಸಿಗುತ್ತವೆ. ಸೈಲೆನ್ಸರ್, ಏರ್ ಫಿಲ್ಟರ್, ಹಗ್ಗದ ಸ್ಪ್ರಿಂಗ್‌ನಂಥವು ನಕಲಾದರೂ ನಡೆಯುತ್ತದೆ. ಬ್ಲಾಕ್, ಪಿಸ್ಟನ್ ಮತ್ತು ಬೇರಿಂಗ್ ವಿಷಯದಲ್ಲಿ ಅದು ಸಲ್ಲದು.

ಗೋಣಿಕೊಪ್ಪದಿಂದ

ಹೊಸದು ಎಷ್ಟು ದೊಡ್ಡದು ಬೇಕು ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಸಿಲ್ವರ್ ಮರಕ್ಕೆ 070 ಬೇಕಾಗಿಯೇ ಇಲ್ಲ. 45 ಸಿಸಿ ಆಸುಪಾಸಿನ ಯಂತ್ರ, ಉದಾಹರಣೆಗೆ ಸ್ಟಿಲ್ ಎಂಎಸ್ 250, ಬಾರ್ ಬಿಟ್ಟರೆ ಐದು ಕಿಲೋಗಿಂತ ಕಡಿಮೆ ತೂಗುತ್ತದೆ, ಬ್ರೇಕ್ ಇದೆ, ಮಳೆಯಲ್ಲಿ ಕಾಫಿ ಗಿಡದ ನಡುವೆ ಹೊತ್ತು ನಡೆಯಬಹುದು. ದೊಡ್ಡ ಹಲಸು, ಅತ್ತಿಗಳನ್ನೂ ಹೊಸದರಲ್ಲೇ ಕೊಯ್ಯುವುದಾದರೆ 70 ಸಿಸಿಯ ಹತ್ತಿರ ಹೋಗಬೇಕು. ಬೆಲೆಯೂ ಹಾಗೆಯೇ ಏರುತ್ತದೆ. ನಿಮ್ಮಲ್ಲಿ 070 ಉಳಿಯುವುದಾದರೆ ಅಷ್ಟು ದೊಡ್ಡದಕ್ಕೆ ದುಡ್ಡು ಹಾಕಬೇಡಿ. ಯಾವುದನ್ನೇ ಕೊಂಡರೂ ಮರಗಸಿಗೆ (ನೆರಳು ಮರಗಳ ಕೊಂಬೆ ಸವರುವುದಕ್ಕೆ) ಏಣಿಯ ಮೇಲೆ ಹತ್ತಿಸಬೇಡಿ. ಮರಗಸಿಗೆ ಕತ್ತಿಯೇ ಸರಿ.

070ಗೆ ಸಾಮಾನ್ಯವಾಗಿ .404 ಇಂಚು ಅಳತೆಯ ಚೈನು ಬರುತ್ತದೆ, ಅದಕ್ಕೆ 5.5 ಮಿಲಿಮೀಟರ್‌ನ ಉರುಟು ಅರ ಬೇಕು. ಸಣ್ಣ ಯಂತ್ರದ ಅರವನ್ನೇ ಇದಕ್ಕೂ ಹಾಕಿ ಹಲ್ಲು ಕೆಡಿಸಿಕೊಂಡವರು ಬಹಳ ಜನ. ಹಾಗೆಯೇ ಬಾರಿಗೆ ಜೀಪಿನ ಸುಟ್ಟ ಆಯಿಲ್ ಹಾಕುವುದನ್ನು ನಿಲ್ಲಿಸಿ. ಅದರಲ್ಲಿರುವ ಲೋಹದ ಪುಡಿ ಆಯಿಲ್ ಪಂಪನ್ನೂ ಬಾರಿನ ತೋಡನ್ನೂ ತಿನ್ನುತ್ತದೆ. ಪೆಟ್ರೋಲಿಗೆ ಟೂ ಟಿ ಆಯಿಲನ್ನು ಹಳೆಯ ಯಂತ್ರಕ್ಕೆ ಲೀಟರಿಗೆ 40 ಮಿಲಿಲೀಟರ್‌ನಂತೆ ಹಾಕಿ. ಹೊಸದಕ್ಕೆ ಅದರ ಪುಸ್ತಕದಲ್ಲಿ ಹೇಳಿದಷ್ಟು. ಎರಡಕ್ಕೂ ಬೇರೆ ಬೇರೆ ಕ್ಯಾನ್ ಇಟ್ಟು ಮೇಲೆ ಬರೆದಿಡಿ, ಇಲ್ಲವಾದರೆ ಗಡಿಬಿಡಿಯಲ್ಲಿ ಅದಲುಬದಲಾಗುತ್ತದೆ.

ನಾಪೋಕ್ಲು ಬೆಳೆಗಾರ

ಅಟ್ಟದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಹುಡುಗನ ಕೈಯ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಮರ ಉರುಳಿ, ಕೊಂಬೆಯೆಲ್ಲ ಸವರಿ, ದಿಮ್ಮಿ ನೆಲದ ಮೇಲೆ ಅಲುಗದೆ ಕೂತ ಮೇಲೆ ಮಾತ್ರ 070 ಹೊರಗೆ ಬರಲಿ. ಬಿದ್ದ ಮರ ಬಿಡಿಸುವ ಕೆಲಸವೆಲ್ಲ ಬ್ರೇಕ್ ಇರುವ ಸಣ್ಣದರಲ್ಲಿ. ಹುಡುಗನಿಗೆ ಹೆಲ್ಮೆಟ್, ಕಣ್ಣಿನ ಜಾಲರಿ, ಕಿವಿಗೆ ಮುಚ್ಚಳ, ಕಾಲಿಗೆ ಚೈನ್ ಸಾ ಪ್ಯಾಂಟ್ ಇವುಗಳನ್ನೂ ಹೊಸ ಯಂತ್ರದ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ.

ಮಾದಾಪುರ ತೋಟ

ಹಾಗೆಯೇ ಮಾಡುತ್ತೇವೆ. ಸಣ್ಣದೊಂದನ್ನು ಮಳೆ ಹಿಡಿಯುವ ಮೊದಲೇ ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ, ಪ್ಯಾಂಟು ಹೆಲ್ಮೆಟ್ ಸಹಿತವಾಗಿ. 070ರ ಸೀಲ್ ಮತ್ತು ಕಿಟ್‌ಗೆ ಮೈಸೂರಿನಲ್ಲಿ ವಿಚಾರಿಸಿದ್ದೇನೆ, ಸಿಗುತ್ತವೆ ಎಂದಿದ್ದಾರೆ. ಒತ್ತಡದ ಪರೀಕ್ಷೆ ಮಾಡುವವರು ಇಲ್ಲಿ ಹತ್ತಿರದಲ್ಲಿಲ್ಲ. ಸುಂಟಿಕೊಪ್ಪದವರೇ, ಬಿಚ್ಚಿದ್ದನ್ನು ಹಾಗೆಯೇ ಪೆಟ್ಟಿಗೆಯಲ್ಲಿ ತಂದರೆ ನೀವು ಮಾಡಿಕೊಡುವಿರಾ?

ಸುಂಟಿಕೊಪ್ಪ ವರ್ಕ್‌ಶಾಪ್

ತನ್ನಿ ಅಕ್ಕ. ಸೋಮವಾರ ಬಿಟ್ಟು ಯಾವ ದಿನವಾದರೂ ಆಗಬಹುದು. ನಟ್ಟುಬೋಲ್ಟುಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಫ್ಲೈವೀಲಿನ ಸಣ್ಣ ಕೀ ಕಳೆದುಹೋಗದಂತೆ ಕಾಗದದಲ್ಲಿ ಸುತ್ತಿ ತನ್ನಿ. ಹಿಡಿಕೆಯ ಟ್ಯೂಬನ್ನು ಬಿಚ್ಚುವ ಅಗತ್ಯ ಬರುವುದಿಲ್ಲ.